ಸ್ಕಾಟ್ಲೆಂಡಿನ ಜಮೀನ್ದಾರಿ ಮನೆತನಗಳ ವಂಶಾವಳಿ: ಅಚ್ಚಾದ ವಂಶವೃಕ್ಷವನ್ನು ದಾಖಲೆ ಹಿಡಿದು ಪರಿಶೀಲಿಸುವುದು ಹೇಗೆ?

#1 ಓಲೆಗರಿ
ಎಲ್ಲರಿಗೂ ನಮಸ್ಕಾರ. ಮೈಸೂರು ಸೀಮೆಯ ಇತಿಹಾಸದಲ್ಲಿ ಬಂದುಹೋಗುವ ಸ್ಕಾಟಿಷ್ ಅಧಿಕಾರಿಗಳ ಮನೆತನಗಳ ಬಗ್ಗೆ ಅಡಿಟಿಪ್ಪಣಿ ಬರೆಯಬೇಕಿದೆ. ಸದ್ಯಕ್ಕೆ ಇಬ್ಬರು: 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್, ಮತ್ತು 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯನ್ನು ಮುನ್ನಡೆಸಿದ ಡೇವಿಡ್ ಬೇರ್ಡ್. ಇಬ್ಬರದೂ ಜಮೀನಿದ್ದ ಮನೆತನ.

ತೊಂದರೆ ಏನೆಂದರೆ 19ನೇ ಶತಮಾನದ ಅಚ್ಚಾದ ವಂಶಾವಳಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದರಲ್ಲಿ ತಂದೆ ಎಂದಿದ್ದವನು ಇನ್ನೊಂದರಲ್ಲಿ ಅಜ್ಜ. ಬ್ಯಾಪ್ಟಿಸಂ ದಾಖಲೆ ಹುಡುಕಿದರೆ ಅರ್ಧಕ್ಕರ್ಧ ಸಿಗುವುದೇ ಇಲ್ಲ. 1600ರಿಂದ 1830ರವರೆಗೆ ಇಂಥ ಮನೆತನದ ಒಂದೊಂದು ತಲೆಮಾರನ್ನೂ ಖಚಿತಪಡಿಸಿಕೊಳ್ಳಲು ಎಲ್ಲಿಂದ ಶುರುಮಾಡಬೇಕು?

#2 ಕಡತಪ್ರಿಯ
ಬ್ಯಾಪ್ಟಿಸಂ ಪುಸ್ತಕಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅಲ್ಲಿ ಉಳಿದಿರುವ ಅತಿ ಹಳೆಯ ಪ್ಯಾರಿಷ್ ರಿಜಿಸ್ಟರ್ (ಊರ ಚರ್ಚಿನ ದಾಖಲೆ ಪುಸ್ತಕ) ಪರ್ತ್‌ಶೈರಿನ ಎರಲ್ ಊರಿನದು, 1553ರಿಂದ ಶುರು. ಎಷ್ಟೋ ಊರುಗಳದ್ದು ಅದಕ್ಕಿಂತ ನೂರು, ನೂರೈವತ್ತು ವರ್ಷ ಈಚಿನದು, ನಡುವೆ ಹಾಳೆಗಳೂ ಇಲ್ಲ. ಸರ್ಕಾರಿ ಜನನ ಮರಣ ನೋಂದಣಿ 1855ರ ಜನವರಿ 1ರಿಂದ ಮಾತ್ರ. ಜಮೀನಿದ್ದವರ ವಂಶ ಹಿಡಿಯಬೇಕಾದರೆ ಜಮೀನನ್ನೇ ಹಿಂಬಾಲಿಸಬೇಕು. ಆಸ್ತಿ ಯಾರ ಕೈಯಿಂದ ಯಾರ ಕೈಗೆ, ಯಾವ ಹಕ್ಕಿನಿಂದ ಹೋಯಿತು ಎಂದು ನೋಡುತ್ತಾ ಹೋದರೆ ಸಂಬಂಧ ತಾನಾಗಿ ಹೊರಬೀಳುತ್ತದೆ.

ಇದಕ್ಕೆ ಕಾರಣ ಅವರ ಕಾನೂನು. 1868ರವರೆಗೆ ಸ್ಕಾಟ್ಲೆಂಡಿನಲ್ಲಿ ಸ್ಥಿರಾಸ್ತಿಯನ್ನು ಉಯಿಲಿನ ಮೂಲಕ ಕೊಡುವಂತಿರಲಿಲ್ಲ. ಬದುಕಿದ್ದಾಗಲೇ ಬೇರೆ ಪತ್ರ ಬರೆದಿಡದಿದ್ದರೆ ಆಸ್ತಿ ಹಿರಿಯ ಮಗನಿಗೆ. ಈ ಹಿರಿಮಗನ ಹಕ್ಕು ಹೋದದ್ದು 1964ರಲ್ಲಿ. ಆದರೆ ಅಪ್ಪ ಸತ್ತ ಮಾತ್ರಕ್ಕೆ ಮಗ ಒಡೆಯನಾಗುತ್ತಿರಲಿಲ್ಲ. ಚಾನ್ಸರಿಯಿಂದ (ರಾಜನ ಆದೇಶಪತ್ರ ಹೊರಡಿಸುವ ಕಚೇರಿ) ಒಂದು ಆದೇಶ ಹೊರಡಿಸಿಕೊಂಡು, ಶೆರಿಫ್ (ಸ್ಥಳೀಯ ನ್ಯಾಯಾಧೀಶ) ಮುಂದೆ ಸಾಮಾನ್ಯವಾಗಿ 15 ಜನರ ಪಂಚಾಯ್ತಿ ಕೂರಿಸಿ, ತಾನು ಇಂಥವನ ಹತ್ತಿರದ ಕಾನೂನುಬದ್ಧ ವಾರಸುದಾರ ಎಂದು ಸಾಬೀತು ಮಾಡಬೇಕು. ಪಂಚರ ತೀರ್ಮಾನ ಚಾನ್ಸರಿಗೆ ವಾಪಸು ಹೋಗುತ್ತದೆ. ಹಾಗೆ ವಾಪಸು ಹೋದ ಪತ್ರವೇ ರಿಟೂರ್. ಇಡೀ ಪ್ರಕ್ರಿಯೆಗೆ ‘ಸರ್ವಿಸ್ ಆಫ್ ಏರ್ಸ್’ ಎನ್ನುತ್ತಾರೆ. 1530ರಿಂದ ಈಚಿನವು ಎಡಿನ್‌ಬರೋದ ನ್ಯಾಷನಲ್ ರೆಕಾರ್ಡ್ಸ್ ಆಫ್ ಸ್ಕಾಟ್ಲೆಂಡ್‌ನಲ್ಲಿ ಸಿ22 ಎಂಬ ಸರಣಿಯಲ್ಲಿವೆ.

ಮನೆಯಲ್ಲೇ ಕೂತು ಮಾಡಬಹುದಾದ ಮೊದಲ ಕೆಲಸ: 1700ಕ್ಕಿಂತ ಹಿಂದಿನವುಗಳ ಸಾರಾಂಶವನ್ನು ಥಾಮಸ್ ಥಾಮ್ಸನ್ 1811–16ರಲ್ಲಿ ಮೂರು ಸಂಪುಟಗಳಲ್ಲಿ ಲ್ಯಾಟಿನ್‌ನಲ್ಲೇ ಅಚ್ಚು ಹಾಕಿಸಿದ್ದಾರೆ. ಅವು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. 1700ರಿಂದ 1859ರವರೆಗೆ ಹತ್ತು ಹತ್ತು ವರ್ಷಕ್ಕೊಂದರಂತೆ ಅಚ್ಚಾದ ಇಂಗ್ಲಿಷ್ ಸೂಚಿ ಇದೆ, ಅಲ್ಲಿಂದ ಮುಂದಕ್ಕೆ ವರ್ಷಕ್ಕೊಂದು. ಮನೆತನದ ಹೆಸರು ಹಿಡಿದು ಎಲ್ಲ ನಮೂದುಗಳನ್ನೂ ಒಂದು ಹಾಳೆಗೆ ಇಳಿಸಿಕೊಳ್ಳಿ: ದಿನಾಂಕ, ವಾರಸುದಾರ, ಯಾರಿಗೆ ವಾರಸುದಾರ, ಸಂಬಂಧ, ಜಮೀನು.

ಸಾರಾಂಶ ಕೈಗೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಮೂಲ ರಿಟೂರಿನಲ್ಲಿ 15 ಪಂಚರ ಹೆಸರಿರುತ್ತದೆ. ಅವರಲ್ಲಿ ದಾಯಾದಿಗಳೂ ನೆಂಟರೂ ಇರುವುದು ಸಾಮಾನ್ಯ. ಅಲ್ಲದೆ ‘ಇಂಥವನು ಸತ್ತ ಮೇಲೆ ಈ ಜಮೀನು ಇಷ್ಟು ವರ್ಷ, ಇಷ್ಟು ತಿಂಗಳು ಮೇಲೊಡೆಯನ ವಶದಲ್ಲಿತ್ತು’ ಎಂಬ ಸಾಲಿರುತ್ತದೆ (ಮೇಲೊಡೆಯ ಎಂದರೆ ಯಾರಿಂದ ಜಮೀನು ಹಿಡಿದಿದ್ದರೋ ಆ ರಾಜ ಅಥವಾ ದೊಡ್ಡ ಜಮೀನ್ದಾರ). ರಿಟೂರಿನ ತಾರೀಖಿನಿಂದ ಅದನ್ನು ಕಳೆದರೆ ಸಾವಿನ ಕಾಲ ಹತ್ತಿರ ಹತ್ತಿರ ಸಿಕ್ಕಿತು. ಸಮಾಧಿ ಕಲ್ಲು ಸಿಗದ ಕಡೆ ಬಹಳ ಸಲ ಇದೇ ಆಧಾರ.

#3 ಸಹನಾ
ಕಡತಪ್ರಿಯ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸರ್ವಿಸ್‌ನಲ್ಲಿ ಎರಡು ಬಗೆ. ‘ಸ್ಪೆಷಲ್’ ಆದರೆ ಜಮೀನಿನ ಹೆಸರು ಬರುತ್ತದೆ, ಪಕ್ಕದಲ್ಲಿ ಎ.ಇ., ಎನ್.ಇ. ಎಂದು ಹಳೆಯ ಮತ್ತು ಹೊಸ ಕಂದಾಯ ಅಂದಾಜು ಇರುತ್ತದೆ. ‘ಜನರಲ್’ ಆದರೆ ಸಂಬಂಧ ಮಾತ್ರ, ಜಮೀನು ಇಲ್ಲ. ಥಾಮ್ಸನ್ ಸಂಪುಟದಲ್ಲಿ ಸ್ಪೆಷಲ್‌ಗಳು ಕೌಂಟಿವಾರು (ಜಿಲ್ಲೆವಾರು), ಜನರಲ್‌ಗಳು ಬೇರೆಯೇ ಭಾಗದಲ್ಲಿವೆ. ಕೌಂಟಿ ಭಾಗ ಮಾತ್ರ ನೋಡಿ ‘ಇಲ್ಲ’ ಎಂದು ಕೈಬಿಡುವವರೇ ಹೆಚ್ಚು. ಇನ್ನೊಂದು ಭಾಗ ‘ಟ್ಯುಟೆಲಾ’, ಅಂದರೆ ಅಪ್ರಾಪ್ತ ಮಕ್ಕಳ ಪಾಲಕರ ನೇಮಕ. ಕಾನೂನಿನ ಪ್ರಕಾರ 25 ದಾಟಿದ, ತಂದೆಯ ಕಡೆಯ ಅತಿ ಹತ್ತಿರದ ಗಂಡಸೇ ಪಾಲಕ. ಹಾಗಾಗಿ ಚಿಕ್ಕಪ್ಪ ದೊಡ್ಡಪ್ಪಂದಿರಲ್ಲಿ ಆಗ ಯಾರು ಬದುಕಿದ್ದರು ಎಂಬುದು ಅಲ್ಲಿಂದ ತಿಳಿಯುತ್ತದೆ.

ಲ್ಯಾಟಿನ್ ಸಂಬಂಧ ಪದಗಳು ಇಪ್ಪತ್ತರೊಳಗೆ ಮುಗಿಯುತ್ತವೆ. ‘ಪಾಟ್ರಿಸ್’ ತಂದೆಯ, ‘ಆವಿ’ ಅಜ್ಜನ, ‘ಪ್ರೊಆವಿ’ ಮುತ್ತಜ್ಜನ, ‘ಫ್ರಾಟ್ರಿಸ್’ ಸಹೋದರನ, ‘ಪಾಟ್ರುಯಿ’ ತಂದೆಯ ಅಣ್ಣ ಅಥವಾ ತಮ್ಮನ, ‘ಅವುಂಕುಲಿ’ ಸೋದರಮಾವನ. ‘ನೆಪೋಸ್’ ಕಂಡರೆ ಎಚ್ಚರ: ಮೊಮ್ಮಗನೂ ಆಗಬಹುದು, ಸಹೋದರನ ಮಗನೂ ಆಗಬಹುದು. ಅಚ್ಚಾದ ವಂಶಾವಳಿಗಳಲ್ಲಿ ಒಂದು ತಲೆಮಾರು ಹೆಚ್ಚುಕಡಿಮೆ ಆಗುವುದಕ್ಕೆ ಇದೂ ಒಂದು ಕಾರಣ. ಸ್ಕಾಟ್ಸ್ ಭಾಷೆಯ ಪತ್ರಗಳಲ್ಲಿ ‘ಓಯ್’ ಎಂದರೆ ಮೊಮ್ಮಗ, ‘ಗುಡ್‌ಬ್ರದರ್’ ಎಂದರೆ ಭಾವ ಅಥವಾ ಭಾವಮೈದುನ, ‘ಅಮ್‌ಕ್ವೈಲ್’ ಎಂದರೆ ದಿವಂಗತ, ‘ರೆಲಿಕ್ಟ್’ ಎಂದರೆ ವಿಧವೆ, ‘ಬ್ರದರ್ ಜರ್ಮನ್’ ಎಂದರೆ ಒಂದೇ ತಂದೆ ತಾಯಿಯ ಸಹೋದರ.

#4 ಓಲೆಗರಿ
ತುಂಬಾ ಉಪಯೋಗವಾಯಿತು. ಆದರೆ ಒಂದು ಅನುಮಾನ. ಒಂದು ಮನೆತನದಲ್ಲಿ ಅಜ್ಜನ ರಿಟೂರ್ ಇದೆ, ಮೊಮ್ಮಗನ ರಿಟೂರ್ ಇದೆ, ನಡುವಿನವನದ್ದು ಇಲ್ಲವೇ ಇಲ್ಲ. ಮೊಮ್ಮಗನನ್ನು ನೇರವಾಗಿ ‘ಅಜ್ಜನ ವಾರಸುದಾರ’ ಎಂದು ಬರೆದಿದ್ದಾರೆ. ಹಾಗಾದರೆ ನಡುವಿನವನು ಚಿಕ್ಕ ವಯಸ್ಸಿನಲ್ಲೇ, ಅಪ್ಪನಿಗಿಂತ ಮೊದಲೇ ತೀರಿಕೊಂಡ ಎಂದು ತಿಳಿಯಬೇಕೇ?

#5 ಕಡತಪ್ರಿಯ
ಹಾಗೆ ತಿಳಿದುಕೊಂಡೇ ಎಷ್ಟೋ ವಂಶಾವಳಿಗಳು ಕೆಟ್ಟಿವೆ. ನಿಯಮ ಇಷ್ಟು: ಆ ಜಮೀನಿನಲ್ಲಿ ವಿಧಿಪೂರ್ವಕ ಸ್ವಾಧೀನ ಪಡೆದು ಸತ್ತ ಕೊನೆಯ ವ್ಯಕ್ತಿ ಯಾರೋ, ಅವನಿಗೆ ವಾರಸುದಾರ ಎಂದು ಸಾಬೀತು ಮಾಡಬೇಕು. ನಡುವಿನವನು 40 ವರ್ಷ ಆ ಮನೆಯಲ್ಲೇ ಯಜಮಾನಿಕೆ ಮಾಡಿ, ಗೇಣಿ ವಸೂಲಿ ಮಾಡಿ, ಮುದುಕನಾಗಿ ಸತ್ತಿರಬಹುದು. ಸರ್ವಿಸ್ ಮಾಡಿಸಿಕೊಳ್ಳದಿದ್ದರೆ ಕಾನೂನಿನ ಕಣ್ಣಿಗೆ ಅವನು ಬರೀ ‘ಅಪೇರೆಂಟ್ ಏರ್’, ಅಂದರೆ ಹಕ್ಕು ಸಾಬೀತು ಮಾಡದ ವಾರಸುದಾರ. ಅವನ ಮಗ ಅಜ್ಜನಿಗೇ ಸರ್ವಿಸ್ ಮಾಡಿಸಿಕೊಳ್ಳಬೇಕು.

ಯಾಕೆ ಮಾಡಿಸಿಕೊಳ್ಳುತ್ತಿರಲಿಲ್ಲ? ಸಾಲ. ವಾರಸುದಾರ ಎಂದು ಒಪ್ಪಿಕೊಂಡ ಕ್ಷಣದಿಂದ ಅಪ್ಪನ ಸಾಲವೆಲ್ಲ ಇವನ ತಲೆಗೆ, ಆಸ್ತಿಯ ಬೆಲೆಗಿಂತ ಸಾಲ ಹೆಚ್ಚಿದ್ದರೂ. ಆಸ್ತಿ ಪಟ್ಟಿ ಕೊಟ್ಟು ಆ ಮಟ್ಟಕ್ಕೆ ಹೊಣೆ ಮಿತಿಗೊಳಿಸಿಕೊಳ್ಳುವ ಅವಕಾಶ 1695ರಲ್ಲಿ ಬಂತು. ಖರ್ಚು, ಸೋಮಾರಿತನ ಕೂಡ ಕಾರಣಗಳೇ. ಅದಕ್ಕೇ ಸಾವಿಗೂ ರಿಟೂರಿಗೂ ನಡುವೆ 20–30 ವರ್ಷ ಅಂತರವಿದ್ದರೆ ಆಶ್ಚರ್ಯಪಡಬೇಡಿ. ರಿಟೂರಿನ ವರ್ಷವನ್ನೇ ಸಾವಿನ ವರ್ಷ ಎಂದು ಬರೆದುಕೊಳ್ಳುವುದು ಅತಿ ಸಾಮಾನ್ಯ ತಪ್ಪು.

ಎರಡನೇ ಸಾಧ್ಯತೆ: ಎಲ್ಲರೂ ನೇರವಾಗಿ ರಾಜನಿಂದ ಜಮೀನು ಹಿಡಿದವರಲ್ಲ. ಮಧ್ಯದಲ್ಲಿ ಇನ್ನೊಬ್ಬ ದೊಡ್ಡ ಜಮೀನ್ದಾರ ಮೇಲೊಡೆಯನಾಗಿದ್ದರೆ, ಅವನೇ ‘ಸತ್ತವನ ವಾರಸುದಾರ ಇವನೇ ಎಂದು ನನಗೆ ಸ್ಪಷ್ಟವಾಗಿದೆ’ ಎಂದು ಒಂದು ಚೀಟಿ ಕೊಟ್ಟರೆ ಸಾಕು. ಅದರ ಹೆಸರು ‘ಪ್ರಿಸೆಪ್ಟ್ ಆಫ್ ಕ್ಲಾರೆ ಕಾನ್‌ಸ್ಟಾಟ್’. ಪಂಚಾಯ್ತಿ ಇಲ್ಲ, ಚಾನ್ಸರಿ ಇಲ್ಲ, ರಿಟೂರೂ ಇಲ್ಲ. ಅಂಥ ಮನೆತನಗಳು ಸಿ22ರಲ್ಲಿ ಕಾಣಿಸುವುದೇ ಅಪರೂಪ. ಆಗ ಸೇಸಿನ್ ರಿಜಿಸ್ಟರ್‌ಗೆ ಹೋಗಬೇಕು.

#6 ಲೀತ್ ದಡ
ಸೇಸಿನ್ ಬಗ್ಗೆ ನಾನು ಬರೆಯುತ್ತೇನೆ, ಆ ಪುಸ್ತಕಗಳ ಜೊತೆ ಒಡನಾಟ ಜಾಸ್ತಿ.

ಸೇಸಿನ್ ಅಂದರೆ ಜಮೀನಿನ ಸ್ವಾಧೀನ ಕೊಡುವ ಕ್ರಿಯೆ. ಜಮೀನಿನ ಮೇಲೇ ನಿಂತು, ಮೇಲೊಡೆಯನ ಪ್ರತಿನಿಧಿ ಹೊಸ ಒಡೆಯನ ಪ್ರತಿನಿಧಿಯ ಕೈಗೆ ಒಂದು ಹಿಡಿ ಮಣ್ಣು, ಒಂದು ಕಲ್ಲು ಕೊಡುತ್ತಿದ್ದ. ನೋಟರಿ ಅದನ್ನು ನೋಡಿ ಪತ್ರ ಬರೆಯುತ್ತಿದ್ದ. ಮಣ್ಣು ಕಲ್ಲಿನ ಶಾಸ್ತ್ರ 1845ರವರೆಗೂ ನಡೆಯಿತು. 1617ರ ಕಾಯ್ದೆ ಈ ಪತ್ರವನ್ನು 60 ದಿನದೊಳಗೆ ನೋಂದಾಯಿಸಬೇಕು ಎಂದಿತು. ಇಲ್ಲವಾದರೆ ಮೂರನೆಯವರ ಎದುರು ಅದಕ್ಕೆ ಬೆಲೆ ಇಲ್ಲ. ಅದಕ್ಕೇ ಎಲ್ಲರೂ ನೋಂದಾಯಿಸಿದರು, ಅದಕ್ಕೇ ನಮಗೆ 1617ರಿಂದ ಈಚೆಗೆ ಇಷ್ಟು ಒಳ್ಳೆಯ ದಾಖಲೆ ಉಳಿದಿದೆ.

ರಿಜಿಸ್ಟರ್ ಎರಡು ತರ: ಇಡೀ ದೇಶಕ್ಕೆ ಒಂದು ಜನರಲ್ ರಿಜಿಸ್ಟರ್, ಪ್ರದೇಶವಾರು ಪರ್ಟಿಕ್ಯುಲರ್ ರಿಜಿಸ್ಟರ್‌ಗಳು. ಯಾವುದರಲ್ಲಿ ಬೇಕಾದರೂ ನೋಂದಾಯಿಸಬಹುದಿತ್ತು. ಎರಡು ಮೂರು ಕೌಂಟಿಗಳಲ್ಲಿ ಜಮೀನಿದ್ದವರು ಜನರಲ್‌ಗೆ ಹೋಗುತ್ತಿದ್ದರು. ಒಂದು ನೋಡಿ ಇನ್ನೊಂದು ಬಿಟ್ಟರೆ ಹುಡುಕಾಟ ಪೂರ್ತಿ ಆಗಲಿಲ್ಲ ಎಂದೇ ಲೆಕ್ಕ. 1868ರಲ್ಲಿ ಪರ್ಟಿಕ್ಯುಲರ್‌ಗಳು ಮುಚ್ಚಿದವು, ಮುಂದಿನ ವರ್ಷದಿಂದ ಎಲ್ಲವೂ ಜನರಲ್‌ನಲ್ಲೇ ಕೌಂಟಿವಾರು. ರಾಯಲ್ ಬರೋ (ರಾಜನ ಸನ್ನದು ಪಡೆದ) ಪಟ್ಟಣಗಳೊಳಗಿನ ಆಸ್ತಿಗೆ 1681ರಿಂದ ಪ್ರತ್ಯೇಕ ಪುಸ್ತಕಗಳು.

1781ರಿಂದ ಅಚ್ಚಾದ ಸಾರಾಂಶಗಳಿವೆ. ನಿಮ್ಮ ಕಾಲಕ್ಕೆ ಇವೇ ಸಾಕು. ಒಂದು ನಮೂದು ಸುಮಾರು ಹೀಗಿರುತ್ತದೆ (ಹೆಸರುಗಳು ಬರೀ ಮಾದರಿಗೆ): ‘ಜಾನ್, ತನ್ನ ತಂದೆ ಜೇಮ್ಸ್‌ನ ವಾರಸುದಾರನಾಗಿ, ಸೀಸ್ಡ್, ಮಾರ್ಚ್ 3, 1790, ಇಂಥ ಜಮೀನಿನಲ್ಲಿ, ಪಿಆರ್. ಸಿಎಲ್. ಕಾನ್., ಇಂಥ ಡ್ಯೂಕ್‌ನಿಂದ, ಫೆಬ್ರವರಿ 10, 1790. ಪಿ.ಆರ್. 45. 120.’ ಓದುವ ಬಗೆ: ಸೀಸ್ಡ್ ಎಂದರೆ ಸ್ವಾಧೀನ ಪಡೆದ, ಆಮೇಲಿನದು ಕ್ಲಾರೆ ಕಾನ್‌ಸ್ಟಾಟ್ ಮತ್ತು ಅದನ್ನು ಕೊಟ್ಟ ಮೇಲೊಡೆಯ, ಪಿ.ಆರ್. ಎಂದರೆ ಪರ್ಟಿಕ್ಯುಲರ್ ರಿಜಿಸ್ಟರ್, 45ನೇ ಸಂಪುಟ, 120ನೇ ಹಾಳೆ. ಜಿ.ಆರ್. ಎಂದಿದ್ದರೆ ಜನರಲ್. ಮೇಲೊಡೆಯನ ಹೆಸರನ್ನು ತಪ್ಪದೆ ಬರೆದುಕೊಳ್ಳಿ, ಯಾಕೆಂದರೆ ಮುಂದಿನ ಹುಡುಕಾಟ ಅವನ ಮನೆಯ ಕಾಗದಪತ್ರಗಳಲ್ಲಿ.

1781ಕ್ಕಿಂತ ಹಿಂದೆ ಹೋದರೆ ಕೆಲವು ಪ್ರದೇಶಗಳಿಗೆ ಮಾತ್ರ ಸೂಚಿ ಇದೆ. ಉಳಿದ ಕಡೆ ಮಿನಿಟ್ ಬುಕ್ ಗತಿ: ನೋಂದಣಿಯಾದ ದಿನಾಂಕದ ಕ್ರಮದಲ್ಲಿ ಒಂದೆರಡು ಸಾಲಿನ ಪಟ್ಟಿ. ಒಂದು ಕೌಂಟಿಯ ಹತ್ತು ವರ್ಷವನ್ನು ಅದರಲ್ಲಿ ನೋಡಲು ಒಂದು ಪೂರ್ತಿ ದಿನ ಇಟ್ಟುಕೊಳ್ಳಿ.

#7 ಧಾರವಾಡ ವಕೀಲ
ನಮ್ಮ ಕಡೆ ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ಇ.ಸಿ. ತೆಗಸ್ತೀವಲ್ರಿ, ಕೆಲಸ ಹೆಚ್ಚುಕಡಿಮಿ ಅದs ಆತು. ಆದ್ರ ಒಂದು ಮಾತು ಕೇಳ್ತೀನಿ: ಸೇಸಿನ್ ಸಿಕ್ಕ ಕೂಡ್ಲೆ ಅವ ಮಾಲಕ ಅಂತ ಹೇಳಾಕ ಬರತೈತೇನ್ರಿ? ಅಡವು ಹಾಕಿಸಿಕೊಂಡವಂಗೂ ಪತ್ರ ಆಗಿರತೈತಲ್ಲ?

#8 ಲೀತ್ ದಡ
ಸರಿಯಾದ ಜಾಗಕ್ಕೇ ಕೈ ಹಾಕಿದಿರಿ ವಕೀಲರೇ. ಮಾಲೀಕನಲ್ಲದವನಿಗೂ ಸೇಸಿನ್ ಆಗುವ ಸಂದರ್ಭಗಳು ಇವು.

ವಾಡ್‌ಸೆಟ್: ಹಳೆಯ ಅಡಮಾನ. ಪತ್ರದಲ್ಲಿ ‘ಮಾರಿದ್ದೇನೆ’ ಎಂದೇ ಇರುತ್ತದೆ, ಜೊತೆಗೆ ಹಣ ವಾಪಸು ಕೊಟ್ಟರೆ ಜಮೀನು ಹಿಂದಿರುಗಿಸುವ ‘ರಿವರ್ಷನ್’ ಷರತ್ತು ಬೇರೆ ಪತ್ರದಲ್ಲಿರಬಹುದು. ಸಾಲ ಕೊಟ್ಟವನು ಆ ಜಮೀನಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಓಡಾಡಿದ ಉದಾಹರಣೆಗಳೂ ಉಂಟು. ಮೂಲ ಒಡೆಯನ ಮನೆತನ, ಇವನ ಮನೆತನ ಎರಡಕ್ಕೂ ಒಂದೇ ಊರಿನ ಹೆಸರು ಬಂದು ವಂಶಾವಳಿ ಬರೆದವರು ಎರಡನ್ನೂ ಹೊಲಿದುಬಿಟ್ಟಿರುತ್ತಾರೆ. ಸಾರಾಂಶದಲ್ಲಿ ‘ಇನ್ ಸೆಕ್ಯುರಿಟಿ’, ‘ರಿನನ್ಸಿಯೇಶನ್’ ಎಂಬ ಮಾತು ಹುಡುಕಿ. ಮೊದಲನೆಯದು ಸಾಲ, ಎರಡನೆಯದು ಸಾಲ ತೀರಿ ಹಕ್ಕು ಬಿಟ್ಟದ್ದು.

ಫೀಯರ್ ಮತ್ತು ಲೈಫ್‌ರೆಂಟರ್: ಮಗನ ಮದುವೆಯ ಒಪ್ಪಂದದಲ್ಲಿ ಅಪ್ಪ ಆಸ್ತಿಯನ್ನು ಮಗನ ಹೆಸರಿಗೆ ಮಾಡಿ (ಮಗ ಫೀಯರ್), ತನಗೆ ಬದುಕಿರುವ ತನಕ ಅನುಭೋಗ ಇಟ್ಟುಕೊಳ್ಳುತ್ತಾನೆ (ಅಪ್ಪ ಲೈಫ್‌ರೆಂಟರ್). ಮಗನಿಗೆ ಸೇಸಿನ್ ಆಯಿತೆಂದು ಅಪ್ಪನನ್ನು ಸಾಯಿಸಬೇಡಿ. ಅದೇ ಪತ್ರದಲ್ಲಿ ಸೊಸೆಗೂ ಒಂದು ಭಾಗದಲ್ಲಿ ಅನುಭೋಗದ ಸೇಸಿನ್ ಇರುತ್ತದೆ, ಅವಳ ತಂದೆಯ ಹೆಸರಿನ ಸಮೇತ. ಮದುವೆ ದಾಖಲೆ ಸಿಗದ ಕಡೆ ಇದನ್ನೇ ಹಿಡಿಯಬೇಕು. ಸ್ಕಾಟ್ಲೆಂಡಿನಲ್ಲಿ ಮದುವೆಯಾದ ಮೇಲೂ ಹೆಂಗಸರನ್ನು ಕಾನೂನು ಪತ್ರಗಳಲ್ಲಿ ತವರಿನ ಹೆಸರಿನಿಂದಲೇ ಬರೆಯುತ್ತಿದ್ದರು, ನಮಗೆ ಅದು ದೊಡ್ಡ ಅನುಕೂಲ.

ಹೆಸರಿನ ಜೊತೆ ಬರುವ ಸಣ್ಣ ಪದವನ್ನೂ ನೋಡಬೇಕು. ಊರಿನ ಹೆಸರಿಗೆ ಮುಂಚೆ ‘ಆಫ್’ ಇದ್ದರೆ ಒಡೆಯ, ‘ಇನ್’ ಇದ್ದರೆ ಗೇಣಿದಾರ, ‘ಪೋರ್ಷನರ್ ಆಫ್’ ಇದ್ದರೆ ಪಾಲುದಾರ. ‘ಆಫ್ ದಟ್ ಇಲ್ಕ್’ ಎಂದರೆ ಮನೆತನದ ಹೆಸರೂ ಜಮೀನಿನ ಹೆಸರೂ ಒಂದೇ. ನಕಲು ಮಾಡುವಾಗ ‘ಇನ್’ ಅನ್ನು ‘ಆಫ್’ ಎಂದು ಬರೆದು ಗೇಣಿದಾರನನ್ನು ಲೇರ್ಡ್ (ಜಮೀನಿನ ಒಡೆಯ) ಮಾಡಿದ ವಂಶವೃಕ್ಷಗಳು ಅಂತರ್ಜಾಲದ ತುಂಬ ಇವೆ. ಎಡಿನ್‌ಬರೋದ ಉಚ್ಚ ನ್ಯಾಯಾಲಯದ ನ್ಯಾಯಾಧೀಶರೂ ಜಮೀನಿನ ಹೆಸರಿನಲ್ಲಿ ‘ಲಾರ್ಡ್’ ಎನಿಸಿಕೊಳ್ಳುತ್ತಿದ್ದರು. ಅದು ಹುದ್ದೆಯ ಬಿರುದು, ಮಗನಿಗೆ ಬರುವುದಿಲ್ಲ.

#9 ಓಲೆಗರಿ
ಒಂದು ವಿಚಿತ್ರ ಪ್ರಕರಣ. ಮೂವರು ಅಣ್ಣತಮ್ಮಂದಿರಲ್ಲಿ ನಡುವಿನವನು ಮಕ್ಕಳಿಲ್ಲದೆ ಸಾಯುತ್ತಾನೆ. ಅವನ ಒಂದು ಜಮೀನು ತಮ್ಮನಿಗೆ, ಇನ್ನೊಂದು ಅಣ್ಣನಿಗೆ ಹೋಗಿದೆ. ಮಾರಾಟದ ಪತ್ರ ಇಲ್ಲ. ಇದು ಹೇಗೆ?

#10 ಕಡತಪ್ರಿಯ
ಇದು ಅವರ ಕಾನೂನಿನ ಒಂದು ಸ್ವಾರಸ್ಯ. ಪಿತ್ರಾರ್ಜಿತವಾಗಿ ಬಂದದ್ದು ‘ಹೆರಿಟೇಜ್’, ಅದು ಕೆಳಕ್ಕೆ ಇಳಿಯುತ್ತದೆ, ಅಂದರೆ ಸತ್ತವನ ಮುಂದಿನ ತಮ್ಮನಿಗೆ. ಸ್ವಂತ ದುಡ್ಡಿನಲ್ಲಿ ಕೊಂಡದ್ದು ‘ಕಾಂಕ್ವೆಸ್ಟ್’, ಅದು ಮೇಲಕ್ಕೆ ಹತ್ತುತ್ತದೆ, ಅಂದರೆ ಸತ್ತವನಿಗಿಂತ ಒಂದು ಮೆಟ್ಟಿಲು ಹಿರಿಯ ಅಣ್ಣನಿಗೆ. 1874ರಲ್ಲಿ ಈ ಭೇದ ತೆಗೆದರು. ಹಾಗಾಗಿ ರಿಟೂರಿನಲ್ಲಿ ‘ಏರ್ ಆಫ್ ಲೈನ್’ ಎಂದಿದೆಯೋ ‘ಏರ್ ಆಫ್ ಕಾಂಕ್ವೆಸ್ಟ್’ ಎಂದಿದೆಯೋ ನೋಡಿ. ಎರಡೂ ಸಿಕ್ಕರೆ ಅಣ್ಣತಮ್ಮಂದಿರ ಹಿರಿತನದ ಕ್ರಮವೇ ಸಾಬೀತಾಯಿತು, ಹುಟ್ಟಿದ ದಿನಾಂಕ ಒಂದೂ ಇಲ್ಲದೆ.

ಬರೀ ಹೆಣ್ಣುಮಕ್ಕಳಿದ್ದರೆ ಎಲ್ಲರಿಗೂ ಸಮಪಾಲು, ‘ಏರ್ಸ್ ಪೋರ್ಷನರ್ಸ್’. ಆದರೆ ಮುಖ್ಯ ಮನೆ ಹಿರಿಯ ಮಗಳಿಗೆ. ಈ ಪಾಲಾಗುವಿಕೆ ತಪ್ಪಿಸಲೆಂದೇ ‘ಟೇಲಿ’ ಬಂತು, ಅಂದರೆ ಆಸ್ತಿ ಇಂಥ ಕ್ರಮದಲ್ಲೇ ಹೋಗಬೇಕು, ಮಾರುವಂತಿಲ್ಲ ಎಂಬ ಕಟ್ಟು. 1685ರ ಕಾಯ್ದೆಯಿಂದ ಅದಕ್ಕೆ ಪ್ರತ್ಯೇಕ ರಿಜಿಸ್ಟರ್ ಇದೆ. ಹೊಸ ಟೇಲಿ ಮಾಡುವುದನ್ನು 1914ರಲ್ಲಿ ನಿಲ್ಲಿಸಿದರು. ವಂಶಾವಳಿ ಹುಡುಕುವವರಿಗೆ ಟೇಲಿ ಪತ್ರದಷ್ಟು ಒಳ್ಳೆಯ ಒಂದೇ ಕಾಗದ ಬೇರೆ ಇಲ್ಲ. ಹಿರಿಮಗ, ಅವನ ಗಂಡುಸಂತಾನ, ಅದಿಲ್ಲದಿದ್ದರೆ ಎರಡನೆಯವನು, ಅದೂ ಇಲ್ಲದಿದ್ದರೆ ಇಂಥ ದಾಯಾದಿ ಎಂದು ಹತ್ತು ಹನ್ನೆರಡು ಜನರನ್ನು ಸಂಬಂಧ ಸಮೇತ ಸಾಲಾಗಿ ಹೆಸರಿಸಿರುತ್ತಾರೆ.

ಟೇಲಿಯಲ್ಲಿ ‘ಹೆಸರು ಮತ್ತು ಲಾಂಛನ’ದ ಷರತ್ತು ಸಾಮಾನ್ಯ: ಆಸ್ತಿ ಪಡೆಯುವವನು ಆ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕು. ಅದಕ್ಕೇ ಮಧ್ಯದಲ್ಲಿ ಹೆಸರು ಬದಲಾದರೆ ಬೇರೆ ಮನೆತನ ಎಂದುಕೊಳ್ಳಬೇಡಿ. ದೊಡ್ಡ ಉದಾಹರಣೆ ರಾಕ್ಸ್‌ಬರೋ: 1805ರಲ್ಲಿ ನಾಲ್ಕನೇ ಡ್ಯೂಕ್ ತೀರಿಕೊಂಡ ಮೇಲೆ 1648ರ ಒಂದು ಪತ್ರದ ಪದಗಳನ್ನು ಹಿಡಿದು ಹಲವರು ಹಕ್ಕು ಮಂಡಿಸಿದರು. 1812ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯ) ಸರ್ ಜೇಮ್ಸ್ ಇನಿಸ್ ಪರ ತೀರ್ಪು ಕೊಟ್ಟಿತು. ಅವರು ಇನಿಸ್-ಕರ್ ಆದರು.

#11 ಸಹನಾ
ಓಲೆಗರಿ ಅವರೇ, ನಿಮ್ಮ ಬುಕಾನನ್ ವಿಷಯದಲ್ಲೂ ಇದೇ ಎಡವಟ್ಟು ಕಾದಿದೆ. ತಂದೆ ಸ್ಪಿಟಲ್‌ನ ಥಾಮಸ್ ಬುಕಾನನ್. ತಾಯಿ ಬಾರ್ಡೋವಿಯ ಹ್ಯಾಮಿಲ್ಟನ್ ಮನೆತನದವರು. 1815ರಲ್ಲಿ ಭಾರತ ಬಿಟ್ಟ ಮೇಲೆ ತಾಯಿಯ ಕಡೆಯ ಆಸ್ತಿ ಬಂದು ಅವರು ಹ್ಯಾಮಿಲ್ಟನ್ ಎಂಬ ಹೆಸರು ಇಟ್ಟುಕೊಂಡರು. ನಮ್ಮಲ್ಲಿ ಎಲ್ಲರೂ ‘ಬುಕಾನನ್’ ಎಂದೇ ಬರೆಯುತ್ತೇವೆ. ಆದರೆ ಅಲ್ಲಿನ ಕೊನೆಯ ವರ್ಷಗಳ ಪತ್ರಗಳನ್ನು ‘ಹ್ಯಾಮಿಲ್ಟನ್’ ಅಕ್ಷರದಡಿಯೂ ಹುಡುಕಬೇಕು. ಅವರು ತಾವೇ ಬುಕಾನನ್ ಕುಲದ ಮುಖ್ಯಸ್ಥ ಎಂದು ಹಕ್ಕು ಮಂಡಿಸಿದವರು. ಹಾಗಾಗಿ ಆ ಕುಲದ ಬಗ್ಗೆ ಆ ಕಾಲದಲ್ಲಿ ಅಚ್ಚಾದ ವಂಶಾವಳಿಗಳನ್ನು ಓದುವಾಗ, ಮಾಹಿತಿ ಕೊಟ್ಟವರು ಯಾರು ಎಂಬುದನ್ನು ಮೊದಲು ನೋಡಿ.

ಬೇರ್ಡ್ ವಿಷಯ ಬೇರೆ. ನ್ಯೂಬೈತ್‌ನ ಸರ್ ಜಾನ್ ಬೇರ್ಡ್ 1745ರಲ್ಲಿ ತೀರಿಕೊಂಡಾಗ ಬ್ಯಾರೊನೆಟ್ ಬಿರುದು (ವಂಶಪರಂಪರೆಯ ‘ಸರ್’ ಪದವಿ) ಅಲ್ಲಿಗೇ ಮುಗಿಯಿತು, ಜಮೀನು ಮಾತ್ರ ದಾಯಾದಿ ಶಾಖೆಯ ವಿಲಿಯಂ ಬೇರ್ಡ್‌ಗೆ ಹೋಯಿತು. ಡೇವಿಡ್ ಆ ವಿಲಿಯಂನ ಮಗ. ಡೇವಿಡ್‌ಗೆ ಆಮೇಲೆ ಸಿಕ್ಕ ಬ್ಯಾರೊನೆಟ್ ಬಿರುದು ಹೊಸದು. ಮಕ್ಕಳಿಲ್ಲದೆ 1829ರಲ್ಲಿ ತೀರಿಕೊಂಡಾಗ ವಿಶೇಷ ಷರತ್ತಿನಂತೆ ಅಣ್ಣನ ಮಗನಿಗೆ ಹೋಯಿತು. ಬಿರುದಿನ ದಾರಿ ಒಂದು, ಜಮೀನಿನ ದಾರಿ ಇನ್ನೊಂದು. ಟಿಪ್ಪಣಿಯಲ್ಲಿ ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಬೇಡಿ.

#12 ಓಲೆಗರಿ
ಇಬ್ಬರೂ ಹಿರಿಮಕ್ಕಳಲ್ಲ. ಜಮೀನೇ ಬರದ ಕಿರಿಯ ಮಕ್ಕಳನ್ನು ಜಮೀನಿನ ದಾಖಲೆಯಲ್ಲಿ ಹಿಡಿಯುವುದು ಹೇಗೆ?

#13 ಲೀತ್ ದಡ
ನಿಜವಾದ ಕಷ್ಟ ಅಲ್ಲೇ ಇರುವುದು. ಕಿರಿಯರಿಗೆ ಜಮೀನಿಲ್ಲ, ಹಣ ಮಾತ್ರ. ಆ ಹಣದ ಕಾಗದ ಹುಡುಕಬೇಕು. ಅಪ್ಪ ಬರೆದಿಟ್ಟ ‘ಬಾಂಡ್ ಆಫ್ ಪ್ರಾವಿಷನ್’ನಲ್ಲಿ ಕಿರಿಯ ಮಕ್ಕಳ ಹೆಸರು ಸಾಲಾಗಿ ಇರುತ್ತದೆ, ಯಾರಿಗೆ ಎಷ್ಟು ಎಂದು. ಹಣ ಮುಟ್ಟಿದ ಮೇಲೆ ಅಣ್ಣನಿಗೆ ಬರೆದುಕೊಟ್ಟ ‘ಡಿಸ್ಚಾರ್ಜ್’ ಇರುತ್ತದೆ. ಇವು ರಿಜಿಸ್ಟರ್ ಆಫ್ ಡೀಡ್ಸ್‌ನಲ್ಲಿ, 1554ರಿಂದ. ಎಷ್ಟೋ ಪತ್ರಗಳನ್ನು ಬರೆದ 20–40 ವರ್ಷದ ಮೇಲೆ, ಜಗಳ ಬಂದಾಗ ನೋಂದಾಯಿಸಿದ್ದಾರೆ. ಆದ್ದರಿಂದ ಅಪ್ಪ ಸತ್ತ ನಂತರದ ದಶಕಗಳನ್ನೂ ನೋಡಿ.

ಎರಡನೆಯದು ಟೆಸ್ಟಮೆಂಟ್, ಅಂದರೆ ಸತ್ತವನ ಚರಾಸ್ತಿಯ ಪತ್ರ. ಸ್ಥಿರಾಸ್ತಿ ಇರುವುದಿಲ್ಲ, ದನ, ಧಾನ್ಯ, ಸಾಮಾನು, ಬರಬೇಕಾದ ಸಾಲ ಮಾತ್ರ. ಆದರೆ ಮಕ್ಕಳ ಹೆಸರು ಬರುವುದು ಇಲ್ಲೇ. ಸ್ಕಾಟ್ಲೆಂಡ್ಸ್‌ಪೀಪಲ್ ಜಾಲತಾಣದಲ್ಲಿ 1513ರಿಂದ 1925ರವರೆಗಿನ ಸೂಚಿ ಇದೆ, ಚಿತ್ರಕ್ಕೆ ದುಡ್ಡು ಕೊಡಬೇಕು. ಟೆಸ್ಟಮೆಂಟ್ ದೃಢಪಡಿಸುತ್ತಿದ್ದ ಕಮಿಸರಿ ಕೋರ್ಟ್‌ಗಳ ವ್ಯಾಪ್ತಿ ಹಳೆಯ ಬಿಷಪ್ ಪ್ರಾಂತ್ಯಗಳ ಪ್ರಕಾರ, ಕೌಂಟಿ ಗಡಿ ಪ್ರಕಾರ ಅಲ್ಲ. ಸ್ಕಾಟ್ಲೆಂಡಿನ ಹೊರಗೆ, ಮದ್ರಾಸಿನಲ್ಲೋ ಬೆಂಗಳೂರಿನಲ್ಲೋ ಸತ್ತವನಿಗೆ ಸ್ಕಾಟ್ಲೆಂಡಿನಲ್ಲಿ ಆಸ್ತಿಯಿದ್ದರೆ ಅದು ಎಡಿನ್‌ಬರೋ ಕಮಿಸರಿ ಕೋರ್ಟಿಗೆ ಬರುತ್ತದೆ. ಲಂಡನ್ನಿನಲ್ಲಿ ಹಣ ಇಟ್ಟಿದ್ದರೆ ಕ್ಯಾಂಟರ್‌ಬರಿಯ ಪ್ರಿರಾಗೆಟಿವ್ ಕೋರ್ಟ್ ಉಯಿಲುಗಳನ್ನೂ ನೋಡಬೇಕು.

ಭಾರತದ ಕಡೆಯ ದಾಖಲೆ: ಕಂಪನಿ ಸೈನ್ಯಕ್ಕೆ ಸೇರಿದವರ ಕೆಡೆಟ್ ಅರ್ಜಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಎಲ್/ಮಿಲ್/9 ಸರಣಿಯಲ್ಲಿ. ಅರ್ಜಿಯ ಜೊತೆ ಬ್ಯಾಪ್ಟಿಸಂ ಪ್ರಮಾಣಪತ್ರ ಲಗತ್ತಿಸಿರುತ್ತಾರೆ. ಊರಿನಲ್ಲಿ ಮೂಲ ಪುಸ್ತಕ ಕಳೆದುಹೋಗಿದ್ದರೂ ಪ್ರಮಾಣಪತ್ರ ಇಲ್ಲಿ ಉಳಿದಿರಬಹುದು. ಮೈಸೂರು, ಬೆಂಗಳೂರಿನ ಬ್ಯಾಪ್ಟಿಸಂ, ಮದುವೆ, ಸಮಾಧಿ ನಮೂದುಗಳು ಮದ್ರಾಸ್ ಸರಣಿಯಲ್ಲಿ, ಎನ್/2. ಆದರೆ ಬೇರ್ಡ್ ಕಂಪನಿಯ ನೌಕರನಲ್ಲ, ರಾಜನ ಸೈನ್ಯದ 73ನೇ, ಆಮೇಲೆ 71ನೇ ಎಂದಾದ ಹೈಲ್ಯಾಂಡರ್ಸ್ ದಳದವನು. ಅವನ ಸೇವಾ ದಾಖಲೆ ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಯುದ್ಧ ಇಲಾಖೆ ಕಡತಗಳಲ್ಲಿ. ಇಬ್ಬರನ್ನೂ ಒಂದೇ ಕಡೆ ಹುಡುಕಿದರೆ ಒಬ್ಬನು ಸಿಗುವುದಿಲ್ಲ.

#14 ಧಾರವಾಡ ವಕೀಲ
ಟೆಸ್ಟಮೆಂಟಿನ್ಯಾಗ ಒಬ್ಬ ಸಣ್ಣ ಲೇರ್ಡ್ ಸಾವಿರಾರು ಪೌಂಡ್ ಬಿಟ್ಟು ಸತ್ತಾನ ಅಂತ ಬರೀತಾರಲ್ರಿ, ಅದು ಖರೇನ?

#15 ಕಡತಪ್ರಿಯ
ಅದು ಸ್ಕಾಟ್ಸ್ ಪೌಂಡ್. 1603ರ ನಂತರ 12 ಸ್ಕಾಟ್ಸ್ ಪೌಂಡಿಗೆ ಒಂದು ಸ್ಟರ್ಲಿಂಗ್ ಪೌಂಡ್. 1,200 ಎಂದಿದ್ದರೆ 100 ಎಂದು ಓದಿಕೊಳ್ಳಿ. ಮರ್ಕ್ ಎಂದರೆ 13 ಶಿಲಿಂಗ್ 4 ಪೆನ್ಸ್ ಸ್ಕಾಟ್ಸ್, ಅಂದರೆ ಸ್ಕಾಟ್ಸ್ ಪೌಂಡಿನ ಮೂರರಲ್ಲಿ ಎರಡು ಪಾಲು.

ಇದೇ ತರ ದಿನಾಂಕದ ಗೊಂದಲ. 1599ರವರೆಗೆ ಅಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಪತ್ರದಲ್ಲಿ ‘10 ಫೆಬ್ರವರಿ 1585’ ಎಂದಿದ್ದರೆ ನಮ್ಮ ಲೆಕ್ಕದಲ್ಲಿ 1586. 1600ರಿಂದ ಜನವರಿ 1 ಆಯಿತು. ಇಂಗ್ಲೆಂಡ್ ಮಾತ್ರ 1752ರವರೆಗೆ ಹಳೆಯದನ್ನೇ ಹಿಡಿದಿತ್ತು. ಅಪ್ಪ ಸತ್ತ ಮೇಲೆ ಸಹಿ ಹಾಕಿದಂತೆ ಕಾಣುವ ಪತ್ರ ಸಿಕ್ಕರೆ ಮೊದಲು ತಿಂಗಳು ನೋಡಿ.

#16 ಹಳೆ ಮುದ್ರೆ
ಲಾಂಛನದ ವಿಷಯ ಯಾರೂ ಎತ್ತಲಿಲ್ಲ. ಸ್ಕಾಟ್ಲೆಂಡಿನಲ್ಲಿ ಲಾಂಛನ ಇಡೀ ಮನೆತನದ್ದಲ್ಲ, ಒಬ್ಬ ವ್ಯಕ್ತಿಯದು. ಕಿರಿಯ ಮಗ ಅದೇ ಲಾಂಛನ ಬೇಕೆಂದರೆ ಲಾರ್ಡ್ ಲಯನ್ (ಲಾಂಛನಗಳ ಅಧಿಕಾರಿ) ಮುಂದೆ ಅರ್ಜಿ ಹಾಕಿ, ಅಂಚು ಸೇರಿಸಿಯೋ ಇನ್ನೇನೋ ಗುರುತು ಸೇರಿಸಿಯೋ ಹೊಸದಾಗಿ ದಾಖಲಿಸಿಕೊಳ್ಳಬೇಕು. ಆ ನಮೂದಿನಲ್ಲಿ ವಂಶದ ವಿವರ ಇರುತ್ತದೆ. ಈಗಿನ ರಿಜಿಸ್ಟರ್ 1672ರಿಂದ ಶುರು. ಮೊದಲ ದಶಕಗಳ ನಮೂದು ಮಾತ್ರ ತೀರಾ ಚುಟುಕು, ‘ಇಂಥ ಮನೆತನದ ಎರಡನೇ ಮಗನ ಸಂತತಿ’ ಎಂದಷ್ಟೇ. ಯಾವ ತಲೆಮಾರಿನ ಎರಡನೇ ಮಗ ಎಂಬುದು ಇಲ್ಲ. ಅದನ್ನು ಸುಳಿವು ಎಂದಿಟ್ಟುಕೊಳ್ಳಿ, ಸಾಕ್ಷಿ ಎಂದಲ್ಲ.

ಇನ್ನು ಅಚ್ಚಾದ ಪುಸ್ತಕಗಳು. ಜೇಮ್ಸ್ ಬಾಲ್ಫರ್ ಪಾಲ್ 1904–14ರಲ್ಲಿ ಒಂಬತ್ತು ಸಂಪುಟಗಳಲ್ಲಿ ತಂದ, ಬಿರುದಾಂಕಿತ ಮನೆತನಗಳ ವಂಶಾವಳಿಯಾದ ಸ್ಕಾಟ್ಸ್ ಪೀರೇಜ್‌ನಲ್ಲಿ ಅಡಿಟಿಪ್ಪಣಿಗಳಿವೆ. ಅಡಿಟಿಪ್ಪಣಿ ಇರುವ ವಾಕ್ಯವನ್ನು ಮೂಲಕ್ಕೆ ಹೋಗಿ ನೋಡಬಹುದು. ಬರ್ಕ್‌ನ ಜಮೀನ್ದಾರಿ ಮನೆತನಗಳ ವಂಶಾವಳಿ ಪುಸ್ತಕದಲ್ಲಿ (ಲ್ಯಾಂಡೆಡ್ ಜೆಂಟ್ರಿ) ಅದಿಲ್ಲ, ಮನೆಯವರು ಕಳಿಸಿದ್ದನ್ನೇ ಅಚ್ಚು ಹಾಕಿದ್ದು. ನನ್ನ ಮಟ್ಟಿಗೆ ಅದು ಕಸ.

#17 ಸಹನಾ
ಅಷ್ಟು ಖಡಾಖಂಡಿತವಾಗಿ ಬೇಡ ಸರ್. ಕಳಿಸಿದವರ ಅಪ್ಪ, ಅಜ್ಜ, ಅತ್ತೆ, ಚಿಕ್ಕಪ್ಪಂದಿರ ವಿಷಯದಲ್ಲಿ ಬರ್ಕ್ ಬಹುಮಟ್ಟಿಗೆ ಸರಿ ಇರುತ್ತದೆ, ಮನೆಯವರಿಗೆ ಗೊತ್ತಿದ್ದ ಸಂಗತಿ ಅದು. ಕೆಡುವುದು ಅದಕ್ಕೂ ಹಿಂದಿನ, ‘ರಾಬರ್ಟ್ ಬ್ರೂಸನ ಕಾಲದಿಂದ’ (14ನೇ ಶತಮಾನದ ರಾಜ) ಎನ್ನುವ ಭಾಗ. ಬೇರೆ ಬೇರೆ ವರ್ಷದ ಆವೃತ್ತಿಗಳನ್ನು ಹೋಲಿಸಿ. ಹಳೆಯದರಲ್ಲಿದ್ದ ಒಬ್ಬ ಪೂರ್ವಜ ಹೊಸದರಲ್ಲಿ ಸದ್ದಿಲ್ಲದೆ ಮಾಯವಾಗಿದ್ದರೆ ಯಾರೋ ಪ್ರಶ್ನೆ ಕೇಳಿರಬೇಕು ಎಂದು ಅರ್ಥ.

ಮೊಕದ್ದಮೆಯ ಅಚ್ಚಾದ ಕಾಗದಗಳಿಗೂ ಇದೇ ಎಚ್ಚರ ಬೇಕು. 1761ರಿಂದ 1769ರವರೆಗೆ ನಡೆದ ಡಗ್ಲಸ್ ಪ್ರಕರಣದಲ್ಲಿ ವಾರಸುದಾರ ಎಂದು ಸರ್ವಿಸ್ ಆಗಿದ್ದ ಹುಡುಗ ನಿಜವಾಗಿ ಲೇಡಿ ಜೇನ್ ಡಗ್ಲಸ್‌ಳ ಮಗನೇ ಎಂದೇ ಪ್ರಶ್ನೆ. 1767ರಲ್ಲಿ ಎಡಿನ್‌ಬರೋ ನ್ಯಾಯಾಲಯ ಅಧ್ಯಕ್ಷರ ನಿರ್ಣಾಯಕ ಮತದಿಂದ ಅಲ್ಲ ಎಂದಿತು, 1769ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹೌದು ಎಂದಿತು. ಅಂದರೆ ರಿಟೂರ್ ಕೂಡ ಪಂಚರು ನಂಬಿದ ಸಂಗತಿಯ ದಾಖಲೆ. ಎದುರಾಳಿ ಇಲ್ಲದ ಜನರಲ್ ಸರ್ವಿಸ್‌ನಲ್ಲಿ, ಅದರಲ್ಲೂ ನೂರಾರು ವರ್ಷ ಹಿಂದಿನ ಪೂರ್ವಜನಿಗೆ ವಾರಸುದಾರ ಎಂದು ಸಾಧಿಸಿದ್ದರಲ್ಲಿ, ಪಂಚರು ಬಹಳ ಸಡಿಲ. ಇಬ್ಬರ ನಡುವಿನ ತಲೆಮಾರುಗಳನ್ನು ನೀವೇ ಬೇರೆ ಪತ್ರಗಳಿಂದ ತುಂಬಬೇಕು.

#18 ಓಲೆಗರಿ
ಕೊನೆಯ ಪ್ರಶ್ನೆ. ಬುಕಾನನ್ ಮನೆತನದ ಜಮೀನು ಕ್ಯಾಲಂಡರ್ ಸುತ್ತ, ಪರ್ತ್‌ಶೈರಿನಲ್ಲಿ. 1781ಕ್ಕಿಂತ ಹಿಂದಿನ ಸೇಸಿನ್‌ಗೆ ಪರ್ತ್ ಪರ್ಟಿಕ್ಯುಲರ್ ರಿಜಿಸ್ಟರ್ ಕೇಳಿದರೆ ಸರಿಯೇ? ನಕಲು ತರಿಸುವ ಮುಂಚೆ ಖಚಿತ ಮಾಡಿಕೊಳ್ಳೋಣ ಎಂದು.

#19 ಲೀತ್ ದಡ
ತಪ್ಪುತ್ತೀರಿ, ನಿಲ್ಲಿ. ಕ್ಯಾಲಂಡರ್ ಪರ್ತ್‌ಶೈರಿನಲ್ಲಿದ್ದರೂ ಮೆಂಟೀತ್ ಸೀಮೆಗೆ ಸೇರಿದ್ದು. ಮೆಂಟೀತ್‌ನ ಸೇಸಿನ್‌ಗಳು ಸ್ಟರ್ಲಿಂಗ್ ಮತ್ತು ಕ್ಲ್ಯಾಕ್‌ಮ್ಯಾನನ್ ಜೊತೆ ಒಂದೇ ಪರ್ಟಿಕ್ಯುಲರ್ ರಿಜಿಸ್ಟರ್‌ನಲ್ಲಿವೆ. ಬಾರ್ಡೋವಿ ಸ್ಟರ್ಲಿಂಗ್‌ಶೈರಿನದು, ಅದೂ ಅಲ್ಲೇ ಸಿಗುತ್ತದೆ, ನಿಮಗೆ ಒಂದು ಕೆಲಸ ಕಡಿಮೆ. ಟೆಸ್ಟಮೆಂಟ್‌ಗೆ ಮಾತ್ರ ಕ್ಯಾಲಂಡರ್‌ನವರನ್ನು ಡನ್‌ಬ್ಲೇನ್ ಕಮಿಸರಿ ಕೋರ್ಟಿನಲ್ಲಿ ಹುಡುಕಿ. ನ್ಯೂಬೈತ್ ಇರುವ ಹ್ಯಾಡಿಂಗ್ಟನ್ ಎಡಿನ್‌ಬರೋ ಜೊತೆಗಿನ ರಿಜಿಸ್ಟರ್‌ಗೆ ಸೇರುತ್ತದೆ.

ನಕಲು ಕೇಳುವಾಗ ಸರಣಿ ಸಂಖ್ಯೆ, ಸಂಪುಟ, ಹಾಳೆ ಮೂರನ್ನೂ ಬರೆಯಿರಿ. ಹಾಳೆಯ ಎರಡು ಬದಿಗೂ ಒಂದೇ ಸಂಖ್ಯೆ ಇರುವುದರಿಂದ ಮುಂಬದಿಯೋ ಹಿಂಬದಿಯೋ ಎಂಬುದನ್ನೂ ಸೇರಿಸಿ. ಸೇಸಿನ್ ಒಂದು ಹಾಳೆಯಲ್ಲಿ ಮುಗಿಯುವುದು ಕಡಿಮೆ, ಸಾಕ್ಷಿಗಳ ಹೆಸರು ಕೊನೆಯಲ್ಲಿರುತ್ತದೆ. ‘ಪತ್ರ ಮುಗಿಯುವವರೆಗೆ’ ಎಂದೇ ಕೇಳಿ.